ಸಾವಿರ ಪ್ರತಿ ಅಚ್ಚು ಹಾಕಿಸಲೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪುಸ್ತಕ ಪ್ರಕಟಣೆಯ ಖರ್ಚುವೆಚ್ಚದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳವು. ಹಾಸನದಲ್ಲಿ ಪುಸ್ತಕದ ಅಂಗಡಿ ಇಟ್ಟುಕೊಂಡು, ಅದರ ಜೊತೆಗೇ ಸಣ್ಣ ಪ್ರಕಾಶನವೊಂದನ್ನೂ ನಡೆಸಿಕೊಂಡು ಬಂದಿರುವ ನಾನು, ನನ್ನ ಅನುಭವಕ್ಕೆ ನಿಲುಕಿದಷ್ಟನ್ನು ಇಲ್ಲಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಬರೆದಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. 160 ಪುಟಗಳ ಪ್ರಬಂಧ ಸಂಕಲನವನ್ನು ನಾನೇ ಪ್ರಕಟಿಸಬೇಕೆಂದಿದ್ದೇನೆ. 500 ಪ್ರತಿಗೆ 41,000 ರೂಪಾಯಿ, 1,000 ಪ್ರತಿಗೆ 60,000 ರೂಪಾಯಿ ಎಂದು ಮುದ್ರಣಾಲಯದವರು ದರಪಟ್ಟಿ ಕೊಟ್ಟಿದ್ದಾರೆ. 19,000 ರೂಪಾಯಿ ಹೆಚ್ಚಿಗೆ ಹಾಕಿದರೆ ಇನ್ನೂ 500 ಪ್ರತಿ ಸಿಗುತ್ತವಲ್ಲ, ಸಾವಿರವೇ ಲಾಭವಲ್ಲವೇ? ಮುಖಬೆಲೆ 180 ರೂಪಾಯಿ ಇಡುವ ಯೋಚನೆಯಿದೆ. (ಸಕಲೇಶಪುರ)

ಉತ್ತರ: ದರಪಟ್ಟಿಯ ನಕಲನ್ನೂ ತಾವು ಪತ್ರದ ಜೊತೆಗೆ ಇಟ್ಟಿದ್ದರಿಂದ ಉತ್ತರ ಹೇಳುವುದು ಸುಲಭವಾಯಿತು. ಅದರಲ್ಲಿ ಎರಡು ಬಗೆಯ ಖರ್ಚುಗಳಿವೆ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ) ಮತ್ತು ಎರಡು ಸಲದ ಕರಡು ತಿದ್ದುವಿಕೆಗೆ 8,000, ಮುಖಪುಟ ವಿನ್ಯಾಸಕ್ಕೆ 4,000, ಪ್ಲೇಟು ಮಾಡಿಸಿ ಯಂತ್ರಕ್ಕೆ ಏರಿಸುವುದಕ್ಕೆ 10,000, ಹೀಗೆ 22,000 ರೂಪಾಯಿಯ ಖರ್ಚು ತಾವು ಒಂದು ಪ್ರತಿ ಹಾಕಿಸಿದರೂ ಬರುತ್ತದೆ, ಸಾವಿರ ಹಾಕಿಸಿದರೂ ಅಷ್ಟೇ ಬರುತ್ತದೆ. ಕಾಗದ, ಅಚ್ಚು, ಮುಖಪುಟದ ಲ್ಯಾಮಿನೇಷನ್, ಬೈಂಡಿಂಗ್ ಸೇರಿ ಪ್ರತಿಯೊಂದಕ್ಕೆ ತಗಲುವ 38 ರೂಪಾಯಿ ಮಾತ್ರ ಪ್ರತಿಗಳ ಸಂಖ್ಯೆಯೊಂದಿಗೆ ಬೆಳೆಯುತ್ತದೆ. ಈ ಕಾರಣದಿಂದ 500 ಹಾಕಿಸಿದಾಗ ಪ್ರತಿಗೆ 82 ರೂಪಾಯಿ ಬಿದ್ದದ್ದು ಸಾವಿರಕ್ಕೆ 60ಕ್ಕೆ ಇಳಿಯುತ್ತದೆ. ಮುದ್ರಣಾಲಯದವರು ಸುಳ್ಳು ಹೇಳಿಲ್ಲ. ಆದರೆ 60 ರೂಪಾಯಿ ಎಂಬುದು ಅಚ್ಚಾದ ಪ್ರತಿಯ ಅಸಲು, ಮಾರಾಟವಾದ ಪ್ರತಿಯ ಅಸಲಲ್ಲ.

ಮಾರಾಟದ ಕಡೆಯಿಂದ ನೋಡೋಣ. 180 ರೂಪಾಯಿಯ ಪುಸ್ತಕವನ್ನು ವಿತರಕರ ಮೂಲಕ ಶೇ. 40 ಕಮಿಷನ್‌ಗೆ ಕೊಟ್ಟರೆ ತಮ್ಮ ಕೈಗೆ 108 ರೂಪಾಯಿ ಬರುತ್ತದೆ. ಲೇಖಕರೂ ಪ್ರಕಾಶಕರೂ ತಾವೇ ಆಗಿರುವುದರಿಂದ ಲೇಖಕರಿಗೆ ಸಲ್ಲುವ ಶೇ. 10ರ ರಾಯಧನವನ್ನು (ರಾಯಲ್ಟಿ), ಅಂದರೆ 18 ರೂಪಾಯಿಯನ್ನು, ಲೆಕ್ಕದಿಂದ ಬಿಡಬಹುದೆಂದು ತೋರುತ್ತದೆ. ಬಿಡಬೇಡಿ. ಬಿಡುಗಡೆಯ ದಿನ ವೇದಿಕೆಯ ಮೇಲೂ ಕೆಳಗೂ ಹಂಚುವ ಗೌರವ ಪ್ರತಿಗಳು, ಪತ್ರಿಕೆಗಳಿಗೆ ಕಳುಹಿಸುವ ಪ್ರತಿಗಳು, ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ ಖರ್ಚು, ಇವೆಲ್ಲ ಆ 18 ರೂಪಾಯಿಯನ್ನು ತಿಂದುಹಾಕುತ್ತವೆ. ಉಳಿದದ್ದು 90. ಈ ಲೆಕ್ಕದಲ್ಲಿ 1,000 ಹಾಕಿಸಿದರೆ 667 ಪ್ರತಿ, 500 ಹಾಕಿಸಿದರೆ 456 ಪ್ರತಿ ಮಾರಾಟವಾದ ಮೇಲೆಯೇ ತಾವು ಹಾಕಿದ ಹಣ ತಿರುಗಿ ಬರುತ್ತದೆ. ಒಟ್ಟು 500 ಜನ ಮಾತ್ರ ಕೊಂಡರು ಎಂದುಕೊಳ್ಳಿ. 500 ಅಚ್ಚು ಹಾಕಿಸಿದ್ದರೆ 4,000 ರೂಪಾಯಿಯಷ್ಟು ಉಳಿಯುತ್ತದೆ. ಸಾವಿರ ಹಾಕಿಸಿದ್ದರೆ 15,000 ರೂಪಾಯಿ ಕೈಬಿಟ್ಟಿರುತ್ತದೆ, ಜೊತೆಗೆ 500 ಪುಸ್ತಕಗಳು ಅಟ್ಟದ ಮೇಲೆ ಕುಳಿತಿರುತ್ತವೆ.

ಬೇಡಿಕೆ ಬಂದರೆ ಎರಡನೆಯ ಮುದ್ರಣ ದುಬಾರಿಯಾಗುವುದಿಲ್ಲವೇ ಎಂದು ತಾವು ಕೇಳಬಹುದು. ಈ ಜಾಗದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಎರಡನೆಯ ಸಲಕ್ಕೆ ಡಿಟಿಪಿ, ಕರಡು, ಮುಖಪುಟ ವಿನ್ಯಾಸದ 12,000 ರೂಪಾಯಿ ಮತ್ತೆ ಬರುವುದಿಲ್ಲ. ಇದೇ ದರದಲ್ಲಿ ಇನ್ನೊಂದು 500 ಪ್ರತಿಗೆ 29,000 ರೂಪಾಯಿ, ಅಂದರೆ ಪ್ರತಿಗೆ 58 ರೂಪಾಯಿ ಬೀಳುತ್ತದೆ. ಎರಡು ಕಂತಿನಲ್ಲಿ ಸಾವಿರ ಪ್ರತಿಗೆ ಒಟ್ಟು 70,000. ಒಂದೇ ಸಲಕ್ಕೆ ಹಾಕಿಸಿದ್ದಕ್ಕಿಂತ 10,000 ಹೆಚ್ಚು. ಆ 10,000ವನ್ನು ತಾವು ಕೊಡಬೇಕಾಗಿ ಬರುವುದು ಮೊದಲ 500 ಪ್ರತಿ ಖರ್ಚಾದ ಮೇಲೆ, ಅದರಿಂದ ಬಂದ ಹಣದಲ್ಲಿ. ಈ ಲಾಭ ದಕ್ಕಬೇಕಾದರೆ ಪುಟವಿನ್ಯಾಸದ ಮೂಲ ಕಡತ ತಮ್ಮ ಕೈಯಲ್ಲಿರಬೇಕು. ಹಣ ಕೊಡುವ ದಿನವೇ ಪಿಡಿಎಫ್ ಒಂದನ್ನೂ, ಎಲ್ಲ ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯವನ್ನೂ ಕೇಳಿ ತೆಗೆದುಕೊಳ್ಳಿ. ಹಳೆಯ ಫಾಂಟ್‌ಗಳಲ್ಲಿ ಅಕ್ಷರ ಜೋಡಿಸಿದ ಕಡತವನ್ನು ಮುಂದೆ ಇ-ಪುಸ್ತಕ ಮಾಡಹೊರಟಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮತ್ತೆ ಮೊದಲಿನಿಂದ ಕರಡು ತಿದ್ದಬೇಕಾಗುತ್ತದೆ.

ದರಪಟ್ಟಿಯಲ್ಲಿ ಕಾಗದದ ಲೆಕ್ಕವನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ಡೆಮಿ 1/8 ಎಂಬ ಪುಸ್ತಕದ ಆಕಾರದಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. ಒಂದು ಫಾರಂಗೆ 18×23 ಅಂಗುಲದ ಒಂದು ಹಾಳೆ. 160 ಪುಟಕ್ಕೆ ಹತ್ತು ಫಾರಂ, ಹತ್ತು ಹಾಳೆ. 500 ಪ್ರತಿಗೆ 5,000 ಹಾಳೆ, ಅಂದರೆ ಹತ್ತು ರೀಮು. ಯಂತ್ರದಲ್ಲಿ ಹಾಳಾಗುವ ಹಾಳೆಗಳಿಗೆಂದು ಅರ್ಧ ರೀಮು ಸೇರಿಸಿಕೊಳ್ಳಲಿ. ಅದಕ್ಕಿಂತ ಬಹಳ ಹೆಚ್ಚು ಬರೆದಿದ್ದರೆ ಕಾರಣ ಕೇಳಿ. 70 ಜಿಎಸ್ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ, ಮ್ಯಾಪ್‌ಲಿಥೋ ಎಂಬ ಅಚ್ಚಿನ ಕಾಗದದ ಈ ಅಳತೆಯ ರೀಮು ಒಂಬತ್ತೂಕಾಲು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಕಾಗದದ ವ್ಯಾಪಾರಿಗಳು ದರ ಹೇಳುವುದು ತೂಕದ ಮೇಲಾದ್ದರಿಂದ ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಇನ್ನೊಂದು ಮಾತು: ಪುಸ್ತಕ 163 ಪುಟಕ್ಕೆ ಬಂದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಕಟ್ಟಬೇಕಾಗುತ್ತದೆ. ಮುನ್ನುಡಿಯನ್ನು ಸ್ವಲ್ಪ ಮೊಟಕು ಮಾಡಿದರೆ ಹಣ ಉಳಿಯುತ್ತದೆ. ಮುನ್ನುಡಿ ಬರೆದವರಿಗೆ ಇದನ್ನು ಹೇಳುವ ಧೈರ್ಯ ನನಗಂತೂ ಇದುವರೆಗೆ ಬಂದಿಲ್ಲ.

ಹಾಗಾದರೆ 500 ಎಂಬುದೂ ಹೆಚ್ಚೇ ಕಡಿಮೆಯೇ? ಒಂದು ಹಾಳೆ ತೆಗೆದುಕೊಂಡು, ಹಣ ಕೊಟ್ಟು ಕೊಳ್ಳುವರೆಂದು ತಮಗೆ ಖಚಿತವಿರುವವರ ಹೆಸರುಗಳನ್ನು ಬರೆಯಿರಿ. ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ನೆಂಟರು, ಎಲ್ಲರೂ ಇರಲಿ. ‘ಖಂಡಿತ ಕೊಳ್ಳುತ್ತೇನೆ ಸರ್’ ಎಂದವರ ಹೆಸರಿನ ಮುಂದೆ ಅರ್ಧ ಅಂಕ ಹಾಕಿ, ಮುಂಗಡ ಕೊಟ್ಟವರ ಮುಂದೆ ಮಾತ್ರ ಪೂರ್ಣ ಅಂಕ ಹಾಕಿ. ಮೇಷ್ಟ್ರಾದ ತಮಗೆ ಅಂಕ ಹಾಕುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಕೈಯಿಂದ ಕೈಗೆ ಶೇ. 10 ರಿಯಾಯಿತಿಯಲ್ಲಿ ಮಾರಿದರೆ ಪ್ರತಿಗೆ 162 ರೂಪಾಯಿ ಬರುವುದರಿಂದ, 254 ಪ್ರತಿ ಹೋದರೇ 500 ಪ್ರತಿಯ ಖರ್ಚು ತಿರುಗಿ ಬರುತ್ತದೆ. ಅಂಕಗಳ ಮೊತ್ತ ನೂರೈವತ್ತರ ಸುತ್ತಮುತ್ತ ನಿಂತರೆ ಪ್ಲೇಟು ಮಾಡಿಸುವ ಆಫ್‌ಸೆಟ್ ಬಿಟ್ಟು ಡಿಜಿಟಲ್ ಮುದ್ರಣಕ್ಕೆ ಹೋಗಿ. ಅಲ್ಲಿ ಪ್ರತಿಯ ದರ ಹೆಚ್ಚಾದರೂ ಪ್ಲೇಟಿನ ಖರ್ಚಿಲ್ಲ, ನೂರು ಪ್ರತಿ ಮುಗಿದ ಮೇಲೆ ಇನ್ನೂ ಐವತ್ತು ಹಾಕಿಸಬಹುದು.

ನಮ್ಮ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರನ್ನು ನೋಡಿದಾಗ ನನಗೆ ಒಮ್ಮೊಮ್ಮೆ ಹೀಗನ್ನಿಸುತ್ತದೆ. ಮಾಲು ಕೊಳೆಯುತ್ತದೆಂಬ ಭಯ ಅವರಿಗಿರುವುದರಿಂದ, ದರ ಬಿದ್ದರೂ ಒಂದು ಹಂತದಲ್ಲಿ ಮಾರಿ ಕೈತೊಳೆದುಕೊಳ್ಳುತ್ತಾರೆ. ಪುಸ್ತಕ ಹಾಗೆ ಕೊಳೆಯುವುದಿಲ್ಲ. ಮುಂದಿನ ವರ್ಷ ಹೋಗುತ್ತದೆ, ಅದರ ಮುಂದಿನ ವರ್ಷ ಹೋಗುತ್ತದೆ ಎಂದು ಹದಿನೈದು ವರ್ಷ ಕಾದವರನ್ನು ನಾನು ಬಲ್ಲೆ, ಅವರಲ್ಲಿ ನಾನೂ ಒಬ್ಬ.

ಪ್ರಶ್ನೆ: ನನ್ನ ಮೊದಲ ಕಥಾಸಂಕಲನವನ್ನು ಪ್ರಕಟಿಸಲು ಪ್ರಕಾಶಕರೊಬ್ಬರು 45,000 ರೂಪಾಯಿ ಕೇಳಿದ್ದಾರೆ. 500 ಪ್ರತಿ ಹಾಕಿ 200 ನನಗೆ ಕೊಡುತ್ತಾರಂತೆ. ಅವರು ಕಳುಹಿಸಿರುವ ಒಂದು ಪುಟದ ಪತ್ರದಲ್ಲಿ ‘ಕೃತಿಯ ಸಮಸ್ತ ಹಕ್ಕುಗಳನ್ನು ಪ್ರಕಾಶಕರಿಗೆ ವಹಿಸಿಕೊಟ್ಟಿದ್ದೇನೆ’ ಎಂಬ ಸಾಲಿದೆ. ಸಹಿ ಹಾಕಬಹುದೇ? (ಬೇಲೂರು)

ಉತ್ತರ: ಆ ಪತ್ರ ಈಗಿರುವ ರೂಪದಲ್ಲಿದ್ದರೆ ಹಾಕಬೇಡಿ. ಹಣ ಕೊಟ್ಟು ಪುಸ್ತಕ ಮಾಡಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಕನ್ನಡದಲ್ಲಿ ಎಷ್ಟೋ ಒಳ್ಳೆಯ ಪುಸ್ತಕಗಳು ಹಾಗೆಯೇ ಹೊರಬಂದಿವೆ. ಆದರೆ ಬಂಡವಾಳ ಯಾರದು, ನಷ್ಟ ಯಾರದು, ಹಕ್ಕು ಯಾರದು ಎಂಬ ಮೂರೂ ಪ್ರಶ್ನೆಗಳಿಗೆ ಒಂದೇ ಉತ್ತರ ಬರಬೇಕು. ಮೇಲಿನ ಸಕಲೇಶಪುರದ ದರಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. 500 ಪ್ರತಿಯ ಪೂರ್ತಿ ಖರ್ಚನ್ನು ನೀವೇ ಕೊಟ್ಟು, 200 ಪ್ರತಿ ಪಡೆದು, ಉಳಿದ 300 ಪ್ರತಿಯನ್ನೂ ಸಮಸ್ತ ಹಕ್ಕನ್ನೂ ಅವರಿಗೆ ಬಿಟ್ಟುಕೊಟ್ಟಂತಾಗುತ್ತದೆ. ಅವರು ಒಂದು ಪ್ರತಿಯನ್ನೂ ಮಾರದಿದ್ದರೂ ಅವರಿಗೆ ನಷ್ಟವಿಲ್ಲ. ನಷ್ಟದ ಭಯವಿಲ್ಲದ ಪ್ರಕಾಶಕನಿಗೆ ಪುಸ್ತಕ ಮಾರುವ ಆತುರವೂ ಇರುವುದಿಲ್ಲ.

ಕಾನೂನಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಕೃತಿಯ ಮೊದಲ ಒಡೆಯರು, ಅದಕ್ಕೆ ನೋಂದಣಿಯೂ ಬೇಕಾಗಿಲ್ಲ. ಆ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕೆಂದೂ, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಧನ ಎಂಬುದನ್ನು ಅದರಲ್ಲಿ ಕಾಣಿಸಬೇಕೆಂದೂ 19ನೆಯ ಕಲಮು ಹೇಳುತ್ತದೆ. ಕಾಲವನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತದೊಳಗೆಂದೂ ತಿಳಿಯತಕ್ಕದ್ದು. ಬೇರೆ ಮಾತು ಬರೆದುಕೊಂಡಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ತಾನಾಗಿಯೇ ಬಿದ್ದುಹೋಗುತ್ತದೆ. ‘ಸಮಸ್ತ ಹಕ್ಕು’ ಎಂದು ಅವಸರದಲ್ಲಿ ಬರೆಸಿಕೊಂಡವರಿಗೂ ಕಾನೂನು ಹೀಗೆ ಮಿತಿ ಹಾಕಿದೆ. ಆದರೂ ನ್ಯಾಯಾಲಯದ ಮೆಟ್ಟಿಲು ಹತ್ತಿ ಅದನ್ನು ಸಾಧಿಸುವುದಕ್ಕಿಂತ ಮೊದಲೇ ಸಾಲನ್ನು ತಿದ್ದಿಸಿಕೊಳ್ಳುವುದು ಸುಲಭ.

ಕೇಳಬೇಕಾದದ್ದು ಇಷ್ಟು: ಕನ್ನಡದಲ್ಲಿ ಮುದ್ರಿತ ರೂಪದ ಹಕ್ಕನ್ನು ಮಾತ್ರ, ಈ ಮುದ್ರಣದ ಮಟ್ಟಿಗೆ ಅಥವಾ ಐದು ವರ್ಷಕ್ಕೆ ಕೊಡುತ್ತೇನೆ. ಅನುವಾದ, ಇ-ಪುಸ್ತಕ, ಧ್ವನಿ ಪುಸ್ತಕ, ನಾಟಕ, ಚಲನಚಿತ್ರದ ಹಕ್ಕುಗಳು ನನ್ನಲ್ಲೇ ಉಳಿಯುತ್ತವೆ. ಮಾರ್ಚ್ ಕೊನೆಗೊಮ್ಮೆ ಎಷ್ಟು ಪ್ರತಿ ಮಾರಾಟವಾಯಿತೆಂಬ ಲೆಕ್ಕ ಬರಹದಲ್ಲಿ ಬರಬೇಕು. ಉಳಿದ ಪ್ರತಿಗಳನ್ನು ರದ್ದಿಗೆ ಹಾಕುವ ಮೊದಲು ನನಗೆ ಕೊಳ್ಳುವ ಅವಕಾಶ ಕೊಡಬೇಕು. ಇದಕ್ಕೆ ಒಪ್ಪದ ಪ್ರಕಾಶಕರು 45,000 ರೂಪಾಯಿಗೆ ಮುದ್ರಕರ ಕೆಲಸವನ್ನಷ್ಟೇ ಮಾಡುತ್ತಿದ್ದಾರೆಂದು ತಿಳಿಯಿರಿ. ಅದನ್ನು ಮುದ್ರಣಾಲಯದವರು ಇನ್ನೂ ಕಡಿಮೆಗೆ ಮಾಡಿಕೊಡುತ್ತಾರೆ.

ಹಣ ಕೊಡುವ ಮೊದಲು ಇನ್ನೊಂದು ದಾರಿಯನ್ನೂ ನೋಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯೊಂದನ್ನು ಕನ್ನಡ ಪುಸ್ತಕ ಪ್ರಾಧಿಕಾರ ನಡೆಸಿಕೊಂಡು ಬಂದಿದೆ. ಅರ್ಜಿ ಕರೆದು ಪ್ರಾಧಿಕಾರದ ಪ್ರಕಟಣೆ ಹೊರಟಾಗ ಹಸ್ತಪ್ರತಿಯೊಂದಿಗೆ ಅರ್ಜಿ ಹಾಕಬೇಕಾಗುತ್ತದೆ. ಅಚ್ಚಾದ ಮೇಲೆ ಹೋದರೆ ಉಪಯೋಗವಿಲ್ಲ.

ಪ್ರಶ್ನೆ: ನಮ್ಮ ಊರಿನ ಬಾನು ಮುಷ್ತಾಕ್ ಅವರಿಗೆ ಬೂಕರ್ ಬಂದ ಮೇಲೆ ಕನ್ನಡದ ಪುಸ್ತಕಗಳಿಗೆ ಹೊರಗೆ ಮಾರುಕಟ್ಟೆ ತೆರೆಯಿತು ಎನ್ನುತ್ತಾರೆ. ಕನ್ನಡದ ಪ್ರಕಾಶಕರಿಗೆ ಇದರಿಂದ ಏನಾದರೂ ಸಿಗುತ್ತದೆಯೇ? (ಹಾಸನ)

ಉತ್ತರ: 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಕೃತಿಗೆ. ಆ ಪ್ರಶಸ್ತಿಯ 50,000 ಪೌಂಡನ್ನು ಲೇಖಕರಿಗೂ ಅನುವಾದಕರಿಗೂ, ಅಂದರೆ ಇಲ್ಲಿ ದೀಪಾ ಭಾಸ್ತಿ ಅವರಿಗೂ, ಸರಿಸಮ ಹಂಚುತ್ತಾರೆ. ಅನುವಾದಕರಿಗೆ ಪುಟಕ್ಕಿಷ್ಟು ಎಂದು ಕೊಟ್ಟು, ಮುಖಪುಟದಲ್ಲಿ ಹೆಸರು ಹಾಕುವುದಕ್ಕೂ ಹಿಂದೆಮುಂದೆ ನೋಡುವ ನಮ್ಮ ಅಭ್ಯಾಸದ ಎದುರಿಗೆ ಈ ಸಮಪಾಲು ಗಮನಿಸಬೇಕಾದದ್ದು. ಅನುವಾದದ ಪಠ್ಯಕ್ಕೆ ಅನುವಾದಕರದೇ ಪ್ರತ್ಯೇಕ ಕೃತಿಸ್ವಾಮ್ಯ ಇರುತ್ತದೆಂಬುದು ನಮ್ಮ ಕಾನೂನಿನಲ್ಲಿಯೂ ಇದೆ.

ಕನ್ನಡದ ಪ್ರಕಾಶಕರಿಗೆ ಸಿಗುವುದೇನೆಂಬುದು ಲೇಖಕರೊಂದಿಗೆ ಅವರು ಮಾಡಿಕೊಂಡ ಕರಾರಿನ ಮೇಲೆ ಹೋಗುತ್ತದೆ. ಅನುವಾದದ ಹಕ್ಕು ಲೇಖಕರಲ್ಲಿದ್ದರೆ ನೇರವಾಗಿ ಏನೂ ಇಲ್ಲ. ಹಾಗೆ ಇರುವುದೇ ನ್ಯಾಯವೆಂದು ಪ್ರಕಾಶಕನಾಗಿಯೂ ನಾನು ಹೇಳುತ್ತೇನೆ, ಅನುವಾದ ಮಾಡಿಸಲು ನಾವು ಒಂದು ರೂಪಾಯಿಯನ್ನೂ ಹಾಕಿರುವುದಿಲ್ಲ. ಮೂಲದ ಕನ್ನಡ ಪುಸ್ತಕವನ್ನು ಜನ ಹುಡುಕಿಕೊಂಡು ಬಂದದ್ದು ಮಾತ್ರ ನಿಜ. ಪ್ರಶಸ್ತಿ ಬಂದ ವಾರ ನನ್ನ ಅಂಗಡಿಗೆ ಬಂದವರಲ್ಲಿ ಕನ್ನಡದ ಕಥೆಯನ್ನು ಎಂದೂ ಕೊಳ್ಳದವರೂ ಇದ್ದರು.

ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ ‘ಅಂಡ್ ಅದರ್ ಸ್ಟೋರೀಸ್’ ಎಂಬ ಸಂಸ್ಥೆ. ಶೆಫೀಲ್ಡ್ ಎಂಬ ಊರಿನಲ್ಲಿರುವ, ಲಾಭದ ಉದ್ದೇಶವಿಲ್ಲದ ಸಣ್ಣ ಪ್ರಕಾಶನ ಅದು. ಓದುಗರು ಮುಂಗಡವಾಗಿ ಚಂದಾ ಕಟ್ಟುತ್ತಾರೆ, ಆ ಹಣದ ಬಲದಿಂದ ಪುಸ್ತಕಗಳು ಹೊರಬರುತ್ತವೆ, ಚಂದಾದಾರರ ಹೆಸರುಗಳನ್ನು ಪುಸ್ತಕದಲ್ಲಿ ಅಚ್ಚು ಹಾಕುತ್ತಾರೆ. ಇದು ನಮಗೆ ಹೊಸದಲ್ಲ. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಇಂಥ ಚಂದಾದಾರರಿಂದಲೇ. ಹಾಸನದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಸಣ್ಣ ಪ್ರಕಾಶಕರು ಹೀಗೆ ವರ್ಷಕ್ಕೆ ನಾಲ್ಕು ಪುಸ್ತಕಕ್ಕೆಂದು 250 ಚಂದಾದಾರರನ್ನು ಹಿಡಿದಿಟ್ಟುಕೊಂಡರೆ, ಅಚ್ಚಿನ ಖರ್ಚಿಗೆ ಸಾಲ ಮಾಡುವ ಪ್ರಸಂಗ ಬರುವುದಿಲ್ಲ. ಕಷ್ಟವೆಲ್ಲ ಇರುವುದು ಹೇಳಿದ ತಿಂಗಳಿಗೆ ಪುಸ್ತಕ ಕೊಡುವುದರಲ್ಲಿ. ನಾನು ಒಮ್ಮೆ ಹೀಗೆ ಚಂದಾ ಎತ್ತಿ, ಎರಡನೆಯ ಪುಸ್ತಕವನ್ನು ಏಳು ತಿಂಗಳು ತಡಮಾಡಿ, ಮೂರನೆಯದಕ್ಕೆ ಯಾರ ಮುಖ ನೋಡುವುದಕ್ಕೂ ಆಗದೆ ಯೋಜನೆಯನ್ನೇ ನಿಲ್ಲಿಸಿದೆ.

ಪ್ರಶ್ನೆ: ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಹಾಗಿದ್ದೂ ಇನ್ನೂರು ಪುಟದ ಪುಸ್ತಕಕ್ಕೆ 250 ರೂಪಾಯಿ ಏಕೆ? ಸಮ್ಮೇಳನದ ಮಳಿಗೆಯಲ್ಲಿ ಅದನ್ನೇ ಅರ್ಧ ಬೆಲೆಗೆ ಹೇಗೆ ಕೊಡುತ್ತಾರೆ? ಶೇ. 40ರ ಕಮಿಷನ್ ಅಂಗಡಿಯವನ ಜೇಬಿಗೇ ಹೋಗುತ್ತದಲ್ಲವೇ? (ಚಿಕ್ಕಮಗಳೂರು)

ಉತ್ತರ: ಮುದ್ರಿತ ಪುಸ್ತಕದ ಮಾರಾಟಕ್ಕೆ ತೆರಿಗೆ ಇಲ್ಲ ಎಂಬುದು ನಿಜ. ಕಾಗದಕ್ಕೆ, ಶಾಯಿಗೆ, ಪ್ಲೇಟಿಗೆ, ಮುದ್ರಣದ ಕೂಲಿಗೆ ಇದೆ. ಬೇರೆ ಸರಕಿನ ತಯಾರಕರು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಪುಸ್ತಕದ ಮೇಲೆ ತೆರಿಗೆಯೇ ಇಲ್ಲವಾದ್ದರಿಂದ ಪ್ರಕಾಶಕರಿಗೆ ಕಳೆದುಕೊಳ್ಳಲು ಜಾಗವಿಲ್ಲ, ಕೊಟ್ಟದ್ದೆಲ್ಲ ಅಸಲಿಗೆ ಸೇರಿ ಮುಖಬೆಲೆಯಲ್ಲಿ ಓದುಗರ ಮೇಲೆಯೇ ಬೀಳುತ್ತದೆ.

ಅರ್ಧ ಬೆಲೆಯ ಗುಟ್ಟು ಎರಡು ಬಗೆಯದು. ಹಳೆಯ ದಾಸ್ತಾನನ್ನು ಕರಗಿಸಲು ಕೊಡುವುದು ಒಂದು. ಅರ್ಧಕ್ಕೆ ಕೊಡುವುದೆಂದು ಮೊದಲೇ ತೀರ್ಮಾನಿಸಿ ಮುಖಬೆಲೆಯನ್ನು ಏರಿಸಿ ಅಚ್ಚು ಹಾಕುವುದು ಇನ್ನೊಂದು. ಎರಡನೆಯದರಿಂದ ಕೆಡುವುದು, ಪೂರ್ತಿ ಬೆಲೆಗೆ ಕೊಂಡ ಊರಿನ ಗಿರಾಕಿಯ ನಂಬಿಕೆ. 2015ರಲ್ಲಿ ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 81ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಮಳಿಗೆಯಲ್ಲಿ ಕುಳಿತು ಜನರ ಕೈಗಳನ್ನು ನೋಡುತ್ತಿದ್ದೆ. ಪುಸ್ತಕವನ್ನೆತ್ತಿಕೊಂಡವರು ಮೊದಲು ಹಿಂದಕ್ಕೆ ತಿರುಗಿಸಿ ಬೆಲೆ ನೋಡುತ್ತಾರೆ, ಆಮೇಲೆ ಒಳಗಿನ ಎರಡನೆಯ ಪುಟ ತೆರೆದು ಮುದ್ರಣದ ವರ್ಷ ನೋಡುತ್ತಾರೆ, ಆಮೇಲೆ ‘ಎಷ್ಟಕ್ಕೆ ಕೊಡ್ತೀರಿ?’ ಎನ್ನುತ್ತಾರೆ. ಹಳೆಯ ಬೆಲೆಯ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿದ್ದರೆ ಅದನ್ನು ಉಗುರಿನಿಂದ ಕೆರೆದು ನೋಡುವವರೂ ಇದ್ದರು. ಅವರನ್ನು ತಪ್ಪೆನ್ನಲಾರೆ.

ಶೇ. 40ರ ಕಮಿಷನ್ ಅಂಗಡಿಯವನ ಜೇಬಿಗೆ ಹೋಗುತ್ತದೆಂದು ತಾವು ಬರೆದಿದ್ದೀರಿ. ವಿತರಕರು ತಮ್ಮ ಪಾಲನ್ನು ಹಿಡಿದುಕೊಂಡು ಅಂಗಡಿಗೆ ಕೊಡುವುದು ಸಾಮಾನ್ಯವಾಗಿ ಶೇ. 25ರ ಆಸುಪಾಸು. ಅದರಲ್ಲಿ ಗಿರಾಕಿ ಕೇಳುವ ಹತ್ತನ್ನು ಕಳೆದರೆ ಉಳಿದದ್ದರಲ್ಲಿ ಬಾಡಿಗೆ, ದೀಪ, ಹುಡುಗನ ಸಂಬಳ ನಡೆಯಬೇಕು. ಲೇಖನಿ, ನೋಟ್‌ಪುಸ್ತಕ, ಗೈಡು ಮಾರದೆ ಕಥೆ ಕಾದಂಬರಿಯಿಂದಲೇ ನಡೆಯುವ ಅಂಗಡಿ ಜಿಲ್ಲಾ ಕೇಂದ್ರಗಳಲ್ಲಿ ಕಾಣಸಿಗುವುದು ಅಪರೂಪವಾಗಿರುವುದು ಇದರಿಂದಲೇ.

ಪ್ರಶ್ನೆ: ಗ್ರಂಥಾಲಯ ಇಲಾಖೆ ಕೊಂಡರೆ ಹಾಕಿದ ಹಣ ಬಂದಂತೆಯೇ ಎನ್ನುತ್ತಾರೆ. ಅದನ್ನು ನಂಬಿ ಪುಸ್ತಕ ಮಾಡಬಹುದೇ? (ಕಡೂರು)

ಉತ್ತರ: ನಂಬಿ ಮಾಡಬೇಡಿ, ಬಂದರೆ ಬಿಡಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಸೇರುತ್ತದೆ. ಪುಸ್ತಕ ಖರೀದಿಯ ಹಣದ ಮೂಲಗಳಲ್ಲಿ ಅದು ಮುಖ್ಯವಾದದ್ದು. ಆಯಾ ವರ್ಷ ಪ್ರಥಮ ಮುದ್ರಣವಾಗಿ ಬಂದ ಪುಸ್ತಕಗಳನ್ನು ಆಯ್ಕೆ ಸಮಿತಿಯ ಮುಂದಿಟ್ಟು, ಆಯ್ಕೆಯಾದವನ್ನು ಸಗಟಾಗಿ ಕೊಳ್ಳುವ ಪದ್ಧತಿಯಿದೆ. ಬೆಲೆ ತೀರ್ಮಾನವಾಗುವುದು ನೀವು ಹಾಕಿದ ಮುಖಬೆಲೆಯಿಂದಲ್ಲ, ಪುಟದ ಲೆಕ್ಕದ ಸರ್ಕಾರಿ ದರದಿಂದ. ಆದ್ದರಿಂದ ತೆಳುವಾದ ಕವನ ಸಂಕಲನಕ್ಕೆ ಸಿಗುವುದು ಅಸಲಿಗೂ ಸಾಲದಿರಬಹುದು, ದಪ್ಪ ಪುಸ್ತಕಕ್ಕೆ ಪರವಾಗಿಲ್ಲ ಎನ್ನಿಸಬಹುದು. ಕೆಲವರು ಅಕ್ಷರದ ಗಾತ್ರ ಹಿಗ್ಗಿಸಿ, ಅಂಚು ಬಿಟ್ಟು ಪುಟ ಬೆಳೆಸುವುದು ಈ ದರಕ್ಕಾಗಿಯೇ.

ಪುಸ್ತಕ ಮುಟ್ಟಿಸುವ ದಿನಕ್ಕೂ ಹಣ ಬರುವ ದಿನಕ್ಕೂ ನಡುವಿನ ಅಂತರವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ನಿಮ್ಮ ಜಿಲ್ಲೆಯ ಕಾಫಿ ಬೆಳೆಗಾರರಿಗೆ ವ್ಯಾಪಾರಿ ತೂಕ ಹಾಕಿದ ದಿನವೇ ದರ ಹೇಳುತ್ತಾನೆ. ಪುಸ್ತಕದಲ್ಲಿ ತೂಕ ಒಂದು ವರ್ಷ, ದರ ಇನ್ನೊಂದು ವರ್ಷ, ಹಣ ಮತ್ತೊಂದು ವರ್ಷ ಆಗುವುದುಂಟು. ಸಾಲ ತಂದು ಮುದ್ರಿಸಿದವರಿಗೆ ಈ ನಡುವಿನ ಬಡ್ಡಿಯೇ ಲಾಭವನ್ನು ನುಂಗುತ್ತದೆ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನಿಂದಲೂ ಖರೀದಿ ನಡೆಯುತ್ತದೆ. ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ಐಎಸ್‌ಬಿಎನ್ ಎಂಬ, ಪುಸ್ತಕದ ಗುರುತಿನ ಸಂಖ್ಯೆಗೆ ಮಧ್ಯವರ್ತಿಯೊಬ್ಬರು 3,000 ರೂಪಾಯಿ ಕೇಳುತ್ತಿದ್ದಾರೆ. ಅದಿಲ್ಲದೆ ಪುಸ್ತಕ ತರಬಾರದೇ? (ಅರಸೀಕೆರೆ)

ಉತ್ತರ: ತರಬಹುದು. ಕಾನೂನಿನಲ್ಲಿ ಕಡ್ಡಾಯವಿಲ್ಲ, ಆದರೆ ಆನ್‌ಲೈನ್ ಮಾರಾಟಗಾರರೂ ಗ್ರಂಥಾಲಯಗಳೂ ಕೇಳುತ್ತಾರೆ. ನಮ್ಮ ದೇಶದಲ್ಲಿ ಅದನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಲೇಖಕರು ತಾವೇ ಪ್ರಕಾಶಕರಾಗಿಯೂ ಅರ್ಜಿ ಹಾಕಬಹುದು. 3,000 ಕೊಡುವುದು ಅರ್ಜಿ ತುಂಬಿದ ಕೂಲಿಗಷ್ಟೆ. ಜೊತೆಗೆ, ಬೇರೆಯವರ ಹೆಸರಿನಲ್ಲಿ ಪಡೆದ ಸಂಖ್ಯೆ ಹಾಕಿದರೆ ದಾಖಲೆಯಲ್ಲಿ ಅವರೇ ಪ್ರಕಾಶಕರಾಗಿ ಕಾಣಿಸುತ್ತಾರೆ. ಕಡ್ಡಾಯವಾಗಿರುವುದು ಬೇರೊಂದಿದೆ, ಅದನ್ನು ಬಹಳ ಜನ ಮರೆಯುತ್ತಾರೆ. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ ಬಗೆಗಿನ 1954ರ ಕಾಯ್ದೆಯ ಪ್ರಕಾರ ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರ ಖರ್ಚಿನಲ್ಲಿ ಕಳುಹಿಸಬೇಕು.

ಪ್ರಶ್ನೆ: ಹಳ್ಳಿಯ ಓದುಗರಿಗೆ ಅಂಚೆಯಲ್ಲಿ ಪುಸ್ತಕ ಕಳುಹಿಸುವ ಖರ್ಚು ಪುಸ್ತಕದ ಲಾಭಕ್ಕಿಂತ ಹೆಚ್ಚಾಗುತ್ತಿದೆ. (ಮೂಡಿಗೆರೆ)

ಉತ್ತರ: ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರೆಲ್ಲ ಕಂಗಾಲಾಗಿದ್ದೆವು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ್ ಪೋಸ್ಟ್’ ಎಂಬ ಸೇವೆಯನ್ನು ಆರಂಭಿಸಿದೆ. ಆರಂಭದ ದರದಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಪುಸ್ತಕ ವಿಮಾನದಲ್ಲಿ ಹೋಗುವುದಿಲ್ಲ, ನೆಲದ ಮೇಲಿನ ಸಾಗಣೆ ಮಾತ್ರ, ಆದರೆ ಎಲ್ಲಿದೆಯೆಂದು ಹುಡುಕಿ ನೋಡಬಹುದು. ಮೇಲೆ ಹೇಳಿದ 160 ಪುಟದ ಪುಸ್ತಕ ಮುಖಪುಟ ಸೇರಿ 200 ಗ್ರಾಂ ತೂಗುತ್ತದೆ. ಲಕೋಟೆಗೆ ದಪ್ಪ ರಟ್ಟು ಹಾಕಿ 300 ದಾಟಿಸಿಬಿಡಬೇಡಿ. ಜಾಹೀರಾತು ತುಂಬಿದ ಪ್ರಕಟಣೆಗಳಿಗೆ ಈ ದರ ಇಲ್ಲ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕೆಂಬ ನಿಯಮವೂ ಇದೆ. ಕೌಂಟರಿನಲ್ಲಿ ಈ ಹೆಸರನ್ನೇ ಹೇಳಿ ಕೇಳಿ, ಸುಮ್ಮನೆ ಪಾರ್ಸೆಲ್ ಎಂದರೆ ಬೇರೆ ದರ ಬೀಳುತ್ತದೆ.

ಪ್ರಶ್ನೆ: 1968ರಲ್ಲಿ ತೀರಿಕೊಂಡ ನಮ್ಮ ಅಜ್ಜ ಬರೆದು ಪ್ರಕಟಿಸಿದ್ದ ಪುಸ್ತಕವೊಂದನ್ನು ಮರುಮುದ್ರಿಸಬೇಕೆಂದಿದ್ದೇನೆ. ಆಗಿನ ಪ್ರಕಾಶನ ಈಗಿಲ್ಲ. ಯಾರ ಒಪ್ಪಿಗೆ ಬೇಕು? (ತರೀಕೆರೆ)

ಉತ್ತರ: ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಅರವತ್ತು ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ನಿಮ್ಮ ಅಜ್ಜನ ಪುಸ್ತಕ 2028ರ ಡಿಸೆಂಬರ್ 31ರವರೆಗೆ ಅವರ ವಾರಸುದಾರರೆಲ್ಲರದು. ದೊಡ್ಡಪ್ಪನ ಮಕ್ಕಳೂ ಸೋದರತ್ತೆಯ ಮಕ್ಕಳೂ ಅದರಲ್ಲಿ ಸೇರುತ್ತಾರೆ, ಜಮೀನಿನ ಪಾಲುಪಟ್ಟಿಯಲ್ಲಿ ಪುಸ್ತಕದ ಮಾತು ಬಂದಿಲ್ಲದಿದ್ದರೂ. ಅಜ್ಜ ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟ ಕಾಗದ ಮನೆಯಲ್ಲಿದೆಯೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಎಲ್ಲರಿಂದ ಒಂದೊಂದು ಸಹಿ ಪಡೆದು, 150 ಪ್ರತಿಯನ್ನು ಡಿಜಿಟಲ್‌ನಲ್ಲಿ ಹಾಕಿಸಿ ಮುಂದಿನ ಕುಟುಂಬದ ಸಮಾರಂಭದಲ್ಲಿಯೇ ಬಿಡುಗಡೆ ಮಾಡಿ. ಸಹಿ ಹಾಕಿದವರು ಒಂದೊಂದು ಪ್ರತಿಯನ್ನು ಹಣ ಕೊಟ್ಟು ಕೊಳ್ಳಲಿ ಎಂದೂ ಮೊದಲೇ ಹೇಳಿಡಿ.

ಪ್ರಶ್ನೆ: ಮಾರಾಟವಾಗದೆ ಉಳಿದ 300 ಪ್ರತಿಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿದೆ. ಏನು ಮಾಡಲಿ? (ಕೊಪ್ಪ)

ಉತ್ತರ: ಜೂನ್‌ಗೆ ಮೊದಲು ಕಟ್ಟುಗಳನ್ನು ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹರಡಿ, ಬೂಷ್ಟು ಹಿಡಿದವನ್ನು ಬೇರೆ ತೆಗೆಯಿರಿ. ಬಿಸಿಲಿಗೆ ಹಾಕಿದರೆ ಮುಖಪುಟ ಸುರುಳಿಯಾಗುತ್ತದೆ. ಚೆನ್ನಾಗಿರುವವನ್ನು ಇಪ್ಪತ್ತರ ಕಟ್ಟುಗಳಾಗಿ ಮಾಡಿ, ನೆಲದಿಂದ ಒಂದು ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿಡಿ. ಮಲೆನಾಡಿನ ಗೋಡೆ ಮಳೆಗಾಲವಿಡೀ ನೀರು ಕುಡಿದಿರುತ್ತದೆ. ಅಡುಗೆಮನೆಯ ಅಟ್ಟದಲ್ಲಿ ಜಾಗವಿದ್ದರೆ ಅದೇ ಉತ್ತಮ. ನೂರು ಪ್ರತಿಯನ್ನು ಮಾತ್ರ ಹೀಗೆ ಉಳಿಸಿಕೊಂಡು, ಉಳಿದ ಇನ್ನೂರನ್ನು ತಾಲ್ಲೂಕಿನ ಪ್ರೌಢಶಾಲೆ, ಕಾಲೇಜು, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಅಸಲಿಗೆ ಕೊಡಲು ಕೇಳಿ ನೋಡಿ. ತೆಗೆದುಕೊಳ್ಳದಿದ್ದರೆ ಹಾಗೆಯೇ ಕೊಟ್ಟುಬಿಡಿ. ರದ್ದಿಗೆ ಹಾಕಿದರೆ 200 ಪುಸ್ತಕ ನಲವತ್ತು ಕಿಲೋ ತೂಗಬಹುದು. ಅಷ್ಟು ದುಡ್ಡು ಕೊಪ್ಪದಿಂದ ಆಟೋದಲ್ಲಿ ಹೇರಿಕೊಂಡು ಹೋಗುವುದಕ್ಕೇ ಸರಿಹೋಗುತ್ತದೆ.